ಬೊಲೆನ್–ಪಿಯರ್ಸ್ ಸ್ಕೇಲ್: 0–6–10 ಕಾರ್ಡ್ ಯಾಕೆ ಒರಟಾಗಿ ಕೇಳಿಸುತ್ತೆ?

ಪ್ರಶ್ನೆ (ನಾದತಂತು):
ಸಾಫ್ಟ್‌ವೇರ್ ಸಿಂತ್‌ಗೆ ಬೊಲೆನ್–ಪಿಯರ್ಸ್‌ನ ಸ್ಕಾಲಾ ಫೈಲ್ (ಸ್ವರಗಳ ಅಳತೆ ಬರೆದಿಡುವ ಟ್ಯೂನಿಂಗ್ ಫೈಲ್) ಬರೆದು ಹಾಕಿದ್ದೇನೆ. ಸ್ಥಾಯಿಯ (2:1) ಬದಲು 3:1 ಅಂತರವನ್ನು 13 ಸಮಭಾಗ ಮಾಡಿದ್ದು, ಒಂದು ಮೆಟ್ಟಿಲು 146.304 ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್). ಎರಡು ತೊಂದರೆ ಇದೆ. 13ನೇ ಕೀಯಲ್ಲಿ ಸಿಗಬೇಕಾದ 3:1, 12ನೇ ಕೀಯಲ್ಲೇ ಬರುತ್ತಿದೆ. ಇನ್ನೊಂದು, ಸಾಟೂತ್ (ಗರಗಸದ ಹಲ್ಲಿನಾಕಾರದ) ಅಲೆಯಲ್ಲಿ 0, 6, 10ನೇ ಮೆಟ್ಟಿಲುಗಳನ್ನು ಒಟ್ಟಿಗೆ ಒತ್ತಿದರೆ ಒರಟು. 0 ಮತ್ತು 8 ಜೊತೆಯಾಗಿ ಒತ್ತಿದರಂತೂ ಗುಂಯ್‌ಗುಡುತ್ತದೆ. ತಪ್ಪು ಸ್ಕೇಲ್‌ನದೋ, ಸೆಟ್ಟಿಂಗ್‌ನದೋ?

ಉತ್ತರ (ಮೇಲ್ಸ್ವರ):
ಸ್ಕೇಲ್ ಸರಿಯಾಗಿದೆ. ಮೊದಲ ತೊಂದರೆ ಕೀ ಮ್ಯಾಪಿಂಗ್‌ನದು. 12 ಕೀಗಳ ಮ್ಯಾಪ್ ಉಳಿದುಕೊಂಡಿದೆ. ಅದು 0ಯಿಂದ 11ರವರೆಗಿನ ಸ್ವರಗಳನ್ನು ಕೂರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. 12ನೇ ಸ್ವರ ಕೀಬೋರ್ಡಿನಲ್ಲಿ ಎಲ್ಲೂ ಸಿಗದೇ ಹೋಗುತ್ತದೆ. ಮ್ಯಾಪ್ ಫೈಲ್‌ನ ಮೊದಲ ಸಂಖ್ಯೆಯನ್ನು 0 ಮಾಡಿ, ಆಗ ಕೀಗಳು ಸಾಲಾಗಿ ಹೊಂದಿಕೊಳ್ಳುತ್ತವೆ. ನಂತರ 0, 127 (ಕೀಗಳ ವ್ಯಾಪ್ತಿ), 60, 60 (ನಡುವಿನ ಕೀ, ಆಧಾರ ಕೀ), 261.6256 (ಆಧಾರ ಕೀಯ ಹರ್ಟ್ಸ್), ಕೊನೆಗೆ 13 (3:1 ಬರುವ ಸ್ವರ).

ಸ್ಕಾಲಾ ಫೈಲ್‌ನಲ್ಲಿ ಸೆಂಟ್ ಬೆಲೆಗೆ ದಶಮಾಂಶ ಬಿಂದು ಇರಲೇಬೇಕು. ‘1317’ ಅಂತ ಬರೆದರೆ ಅದು ಸೆಂಟ್ ಅಲ್ಲ, 1317:1 ಅನ್ನೋ ಅನುಪಾತ ಆಗಿಬಿಡುತ್ತದೆ. ಆರಂಭದ ಸ್ವರವಾದ 1/1 ಬರೆಯಬೇಡಿ, ಸ್ವರಗಳ ಎಣಿಕೆಗೂ ಸೇರಿಸಬೇಡಿ. ಕೊನೆಯ ಸಾಲು 3/1.

ಒರಟುತನ ಬರುತ್ತಿರುವುದು ಸಾಟೂತ್‌ನಿಂದ. ಅದರಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳೂ (ಮೂಲ ಆವರ್ತನದ 2, 4, 6 ಪಟ್ಟಿನ ದನಿಗಳು) ತುಂಬಿರುತ್ತವೆ. 261.6 ಹರ್ಟ್ಸ್‌ನ ಎರಡನೇ ಹಾರ್ಮೋನಿಕ್ 523.3. ನಿಮ್ಮ 8ನೇ ಸ್ವರ 1170.4 ಸೆಂಟ್, ಅಂದರೆ 514.4 ಹರ್ಟ್ಸ್. ಇವೆರಡರ ನಡುವೆ ಸೆಕೆಂಡಿಗೆ ಸುಮಾರು 9 ಬೀಟ್ (ದನಿಯ ಏರಿಳಿತ), ಆ ಗುಂಯ್ ಅದೇ. 0–6–10ರಲ್ಲಿ ಸ್ವರಗಳು ಹೆಚ್ಚುಕಡಿಮೆ 3:5:7; 3ರ ಎರಡನೇ ಹಾರ್ಮೋನಿಕ್ 6 ಆಗಿ ನೇರವಾಗಿ 5 ಮತ್ತು 7ರ ಮಧ್ಯಕ್ಕೆ ನುಗ್ಗುತ್ತದೆ. ಸ್ಥಾಯಿಯೇ ಇಲ್ಲದ ಸ್ಕೇಲ್‌ಗೆ ಸ್ಥಾಯಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟ ಹಾಗೆ.

ಸ್ಕ್ವೇರ್ ಅಲೆ ಹಾಕಿ, ಪಲ್ಸ್ ಅಗಲ ಸರಿಯಾಗಿ 50%. ಬೆಸ ಹಾರ್ಮೋನಿಕ್ ಮಾತ್ರ ಉಳಿಯುತ್ತವೆ. ಕ್ಲಾರಿನೆಟ್ ಈ ಸ್ಕೇಲ್‌ಗೆ ಒಗ್ಗುವುದೂ ಇದಕ್ಕೇ: ಅದರ ಕೆಳಗಿನ ದನಿಯಲ್ಲಿ ಸಮ ಹಾರ್ಮೋನಿಕ್ ಕ್ಷೀಣ, ಜೋರಾಗಿ ಊದಿ ಮೇಲಕ್ಕೆ ಜಿಗಿಸಿದರೆ ಸಿಗುವುದು ತಾರ ಷಡ್ಜ ಅಲ್ಲ, ತಾರ ಪಂಚಮ, ಅಂದರೆ 3:1.

ಇಷ್ಟಾದರೂ ಕಾರ್ಡ್ ನಿಶ್ಚಲವಾಗಿ ನಿಲ್ಲುವುದಿಲ್ಲ. 6ನೇ ಸ್ವರ ಶುದ್ಧ 5:3ಗಿಂತ 6.5 ಸೆಂಟ್ ಇಳಿದಿದೆ, 10ನೆಯದು 7:3ಗಿಂತ 3.8 ಇಳಿದಿದೆ. ಆ ಮೆಲ್ಲನೆಯ ಅಲುಗಾಟ ಸಮವಿಭಾಗದ್ದೇ. ಬೇಡವೆನಿಸಿದರೆ ಆ ಎರಡು ಸಾಲುಗಳಲ್ಲಿ 5/3, 7/3 ಬರೆಯಿರಿ; ಬದಲಿಗೆ ಬೇರೆ ಸ್ವರದ ಮೇಲೆ ಅದೇ ಕಾರ್ಡ್ ಕಟ್ಟಿದಾಗ ಅಳತೆ ಹೆಚ್ಚುಕಮ್ಮಿ ಆಗುತ್ತದೆ.

ಉತ್ತರ (ಅಲೆಮಾಲೆ):
ಮೇಲಿನ ಮಾತೆಲ್ಲ ಸರಿ, ಆದರೆ ಆಸಿಲೇಟರ್ ಸರಿಪಡಿಸಿದರೆ ಸಾಲದು, ಅದರ ಮುಂದಿನ ದಾರಿಯನ್ನೂ ನೋಡಿ. ಫಿಲ್ಟರ್ ಡ್ರೈವ್ ಅಸಮಪಾರ್ಶ್ವದ್ದಾದರೆ ಸಮ ಹಾರ್ಮೋನಿಕ್ ವಾಪಸ್ ಹುಟ್ಟುತ್ತದೆ: 3 ಮತ್ತು 5 ಸೇರಿ 2, 8 ಕೊಡುತ್ತವೆ. ಎರಡೂ ಪಾರ್ಶ್ವ ಒಂದೇ ರೀತಿ ಕತ್ತರಿಸುವ ಡಿಸ್ಟಾರ್ಷನ್ ಆದರೆ ಹುಟ್ಟುವುದು 1, 7. ಅವು ಬೆಸಗಳ ಮನೆಯವೇ, ಕಾರ್ಡ್ ಕೆಡುವುದಿಲ್ಲ. ಪಲ್ಸ್ ಅಗಲಕ್ಕೆ ಎಲ್‌ಎಫ್‌ಒ (ಅಗಲವನ್ನು ನಿಧಾನವಾಗಿ ಅಲುಗಿಸುವ ಆಸಿಲೇಟರ್) ಜೋಡಿಸಿದ್ದರೆ ಬಿಚ್ಚಿ. ಎರಡನೇ ಆಸಿಲೇಟರ್ +12ರಲ್ಲಿ (ಒಂದು ಸ್ಥಾಯಿ ಮೇಲೆ) ಇದ್ದರೆ 1902 ಸೆಂಟ್‌ಗೆ ಏರಿಸಿ. ಬೇಸ್ (ತಗ್ಗಿನ ದನಿ) ಜೋಡಿಸುವಾಗಲೂ 13 ಕೀ ಕೆಳಗೆ.

ಶುದ್ಧ ಸೈನ್ ಅಲೆ ಪರಿಹಾರವಲ್ಲ. ಹಾರ್ಮೋನಿಕ್‌ಗಳೇ ಇಲ್ಲದಿದ್ದರೆ 3:5:7ಕ್ಕೆ ಹಿಡಿತವೇ ಸಿಗದು, ಯಾವ ಅಂತರವೂ ಇನ್ನೊಂದರಷ್ಟೇ ಸಪ್ಪೆ.

61 ಕೀಗಳಲ್ಲಿ ಈ ಸ್ಕೇಲ್ 34 ಹರ್ಟ್ಸ್‌ನಿಂದ ಸುಮಾರು 5,480 ಹರ್ಟ್ಸ್‌ವರೆಗೆ ಹರಡುತ್ತದೆ. ಎರಡೂ ತುದಿ ಬಿಟ್ಟು ನಡುವಿನ ಮೂರು ಡಜನ್ ಕೀಗಳಲ್ಲಿ ಕೆಲಸ ಮಾಡಿ. ರಾಗಕ್ಕೆ ಎಲ್ಲ 13 ಸ್ವರ ಬಳಸುವ ಬದಲು 9 ಸ್ವರಗಳ ಲ್ಯಾಂಬ್ಡಾ ಕ್ರಮ ಹಿಡಿಯಿರಿ: 0, 2, 3, 4, 6, 7, 9, 10, 12.

ನಾದತಂತು:
ಟ್ಯೂನಿಂಗ್ ಫೈಲ್ ಒಪ್ಪದ ಹಾರ್ಡ್‌ವೇರ್ ಸಿಂತ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಸಂಯೋಜಕಿ ವೆಂಡಿ ಕಾರ್ಲೋಸ್ ಅವರ ಆಲ್ಫಾ ಸ್ಕೇಲ್ ಸಾಧ್ಯವೇ?

ಉತ್ತರ (ಮೇಲ್ಸ್ವರ):
ಆಸಿಲೇಟರ್‌ನ ಕೀ ಟ್ರ್ಯಾಕಿಂಗ್ (ಒಂದು ಕೀಗೆ ದನಿ ಎಷ್ಟು ಏರಬೇಕೆಂಬ ಸೆಟ್ಟಿಂಗ್; 100% ಅಂದರೆ 100 ಸೆಂಟ್) ಬದಲಾಯಿಸಲು ಬಂದರೆ ಸಾಧ್ಯ. ಆಲ್ಫಾದ ಮೆಟ್ಟಿಲು ಸುಮಾರು 78 ಸೆಂಟ್, ಹಾಗಾಗಿ 78%. ಬೊಲೆನ್–ಪಿಯರ್ಸ್‌ಗೆ 146.3% ಬೇಕು, 100ಕ್ಕೇ ನಿಲ್ಲುವ ಯಂತ್ರದಲ್ಲಿ ಆಗದು.

ಅಂಕಿ ನಂಬದೆ ಕಿವಿಯಿಂದ ಹೊಂದಿಸಿ. 9 ಕೀ ಅಂತರದ ಎರಡು ಸ್ವರ ಹಿಡಿದು, ಅದು ಶುದ್ಧ ಪಂಚಮವಾಗಿ ಬೀಟ್ ನಿಲ್ಲುವವರೆಗೆ ಟ್ರ್ಯಾಕಿಂಗ್ ತಿರುಗಿಸಿ. ಇಲ್ಲಿ ಸಾಟೂತ್ ಬೇಕು: ಕೆಳ ಸ್ವರದ 3ನೇ ಹಾರ್ಮೋನಿಕ್ಕನ್ನು ಮೇಲಿನದರ 2ನೆಯದರ ಜೊತೆ ಕೇಳಬೇಕು, ಸ್ಕ್ವೇರ್‌ನಲ್ಲಿ ಆ 2ನೆಯದೇ ಇಲ್ಲ. ಸರಿಯಾದ ಮೇಲೆ 0–5–9 ಒತ್ತಿದರೆ 390 ಸೆಂಟ್‌ನ ಗಾಂಧಾರ, ಶುದ್ಧ 5:4ಗಿಂತ ಬರೀ 4 ಹೆಚ್ಚು. ಸ್ಥಾಯಿ ಹುಡುಕಬೇಡಿ, 15ನೇ ಕೀ 1170, 16ನೆಯದು 1248, ಎರಡೂ ಕರ್ಕಶ.