ಆಗುಂಬೆ ಘಾಟಿಗೆ ಆಕ್ಸೆಸ್ 125: ಹಗುರ ರೋಲರ್ ಸಾಕಾ, ವೇರಿಯೇಟರ್ ಕಿಟ್ಟೇ ಬೇಕಾ?

ಹೆಬ್ರಿ_ಆಕ್ಸೆಸ್:

ಎಲ್ಲರಿಗೂ ನಮಸ್ಕಾರ. ನನ್ನದು ಸುಜುಕಿ ಆಕ್ಸೆಸ್ 125, ಬಿಎಸ್6 ಮಾಡೆಲ್. 31 ಸಾವಿರ ಕಿ.ಮೀ. ದಾಟಿದೆ. ನಮ್ಮ ಮನೆ ಹೆಬ್ರಿಯಲ್ಲಿ, ಹೆಂಡತಿಯ ತವರು ಕೊಪ್ಪದ ಹತ್ತಿರ. ಹಾಗಾಗಿ ಆಗುಂಬೆ ಘಾಟಿ ಹತ್ತುವುದು ತಪ್ಪಿದ್ದಲ್ಲ.

ಒಬ್ಬನೇ ಹೋದರೆ ತೊಂದರೆ ಇಲ್ಲ. ಡಬಲ್ಸ್ ಹೋದಾಗ, ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ ಕಷ್ಟ. ಹೇರ್‌ಪಿನ್ ತಿರುವಿನಲ್ಲಿ ನಿಧಾನ ಮಾಡಿ, ಆಚೆ ಬಂದು ಆಕ್ಸಲರೇಟರ್ ಪೂರ್ತಿ ತಿರುಗಿಸಿದರೂ 25ರಿಂದ 35ಕ್ಕೆ ಏರುವುದೇ ಇಲ್ಲ. ಇಂಜಿನ್ ಒಳಗೊಳಗೇ ಗುಂಯ್ ಎನ್ನುತ್ತದೆ, ಗಾಡಿ ಎಳೆಯುವುದಿಲ್ಲ. ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಹಿಂದೆ ಕಾರಿನವರು ಹಾರ್ನ್ ಹೊಡೆಯುತ್ತಾ ಇರುತ್ತಾರೆ.

ಪೇಟೆಯ ಒಂದು ಅಂಗಡಿಯಲ್ಲಿ ಪೂರ್ತಿ ವೇರಿಯೇಟರ್ (ತಾನಾಗಿ ಗೇರ್ ಬದಲಿಸುವ ಮುಂದಿನ ಪುಲ್ಲಿ) ಕಿಟ್ ಹಾಕಿಸಿ ಎಂದರು. ಗೆಳೆಯನೊಬ್ಬ ಅದರೊಳಗಿನ ರೋಲರ್ (ತೂಕದ ಸಣ್ಣ ಉರುಳೆ) ಮಾತ್ರ ಹಗುರ ಮಾಡಿದರೆ ಸಾಕು ಎನ್ನುತ್ತಾನೆ. ಎಷ್ಟು ಗ್ರಾಂ ಇಳಿಸಬೇಕು? ಮೈಲೇಜ್ ಎಷ್ಟು ಬೀಳುತ್ತದೆ? ಬೆಲ್ಟ್ ಬೇಗ ಹೋಗುತ್ತದಾ? ತಿಳಿದವರು ಹೇಳಿ.

ಪೀಣ್ಯ_ಎನ್‌ಟಾರ್ಕ್:

ಸರ್, ಕಿಟ್ಟೇ ಹಾಕಿಸಿ. ಮಲೋಸಿ, ಪೊಲಿನಿ ಎಲ್ಲ ಇಟಲಿಯ ಒಳ್ಳೆ ಹೆಸರುಗಳು. ರೋಲರ್ ಒಂದನ್ನೇ ಬದಲಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ನಾನೂ ನನ್ನ ಟಿವಿಎಸ್ ಎನ್‌ಟಾರ್ಕ್ ಸ್ಕೂಟರಿಗೆ ಟಾಪ್ ಸ್ಪೀಡ್ ಸಲುವಾಗಿ ನೋಡುತ್ತಾ ಇದ್ದೇನೆ.

ತೀರ್ಥಹಳ್ಳಿ_ಸಿವಿಟಿ:

ಹೆಬ್ರಿಯವರೇ, ಇನ್ನೂ ದುಡ್ಡು ಕೊಡಬೇಡಿ. ಮೊದಲು ಒಂದು ಲೆಕ್ಕ ನೋಡಿ.

ನಿಮ್ಮ ಗಾಡಿ ಸುಮಾರು 104 ಕೆ.ಜಿ. ನೀವಿಬ್ಬರು, ಒಂದು ಚೀಲ ಸೇರಿ ಒಟ್ಟು 250 ಕೆ.ಜಿ. ಅಂದುಕೊಳ್ಳಿ. ನೂರು ಮೀಟರ್‌ಗೆ ಹತ್ತು ಮೀಟರ್ ಏರುವ ಕಡಿದಾದ ರಸ್ತೆಯನ್ನೇ ತೆಗೆದುಕೊಳ್ಳೋಣ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಅಂದರೆ ಪ್ರತಿ ಸೆಕೆಂಡಿಗೆ 250 ಕೆ.ಜಿ.ಯನ್ನು ಒಂದು ಮೀಟರ್ ಎತ್ತಬೇಕು. ಅದಕ್ಕೆ ಬೇಕಾಗುವುದು ಸುಮಾರು 2,450 ವ್ಯಾಟ್, ಅಂದರೆ 3.3 ಪಿಎಸ್ (ಅಶ್ವಶಕ್ತಿ). ಗಾಳಿ, ಟೈರ್ ಸೇರಿಸಿ 4 ಪಿಎಸ್ ಎನ್ನಿ. ನಿಮ್ಮ ಇಂಜಿನ್ ಕೊಡುವುದು 6,750 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) 8.7 ಪಿಎಸ್. ಬೆಲ್ಟಿನಲ್ಲಿ ಒಂದಿಷ್ಟು ಸೋರಿಹೋದರೂ ಇಷ್ಟು ಏರಿಗೆ ಧಾರಾಳ ಸಾಕು.

ಆಗುಂಬೆಯ 14 ತಿರುವುಗಳಲ್ಲಿ ಸರಿಯಿರುವ ಆಕ್ಸೆಸ್ ಡಬಲ್ಸ್‌ನಲ್ಲಿ 35 ದಾಟಲೇಬೇಕು. ದಾಟುತ್ತಿಲ್ಲ ಎಂದರೆ ಒಳಗೆ ಏನೋ ಸವೆದಿದೆ. 31 ಸಾವಿರ ಓಡಿದ ಗಾಡಿ ಅಲ್ವಾ, ನನಗೆ ಮೊದಲ ಅನುಮಾನ ಬೆಲ್ಟಿನ ಮೇಲೆ, ಆಮೇಲೆ ರೋಲರ್ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಮುಂದಿನ ಪುಲ್ಲಿ, ಅಂದರೆ ವೇರಿಯೇಟರ್, ಕ್ರ್ಯಾಂಕಿನ (ಇಂಜಿನ್ ತಿರುಗಿಸುವ ದಂಡ) ತುದಿಯಲ್ಲಿದೆ. ಅದರ ಒಳಗಿನ ಓಟೆಗಳಲ್ಲಿ ರೋಲರ್‌ಗಳು ಕೂತಿವೆ. ಇಂಜಿನ್ ಜೋರಾಗಿ ತಿರುಗಿದ ಹಾಗೆ ಅವು ಹೊರಗೆ ಸರಿದು ಪುಲ್ಲಿಯ ತಟ್ಟೆಯನ್ನು ದೂಡುತ್ತವೆ. ತಟ್ಟೆಗಳು ಹತ್ತಿರ ಬಂದು ಬೆಲ್ಟ್ ಮೇಲೇರುತ್ತದೆ. ಬೆಲ್ಟಿನ ಉದ್ದ ಅಷ್ಟೇ ಇರುವುದರಿಂದ ಹಿಂದಿನ ಪುಲ್ಲಿಯಲ್ಲಿ ಅದು ಒಳಗಿಳಿಯಬೇಕು. ಅಲ್ಲಿ ಒಂದು ದೊಡ್ಡ ಸ್ಪ್ರಿಂಗ್ ಅದಕ್ಕೆ ಎದುರಾಗಿ ಒತ್ತುತ್ತಾ ಇರುತ್ತದೆ. ಗೇರ್ ಬದಲಾವಣೆ ಎಂದರೆ ರೋಲರ್‌ಗೂ ಆ ಸ್ಪ್ರಿಂಗಿಗೂ ನಡೆಯುವ ಹಗ್ಗಜಗ್ಗಾಟ.

ಈಗ ಬೆಲ್ಟ್ ಸವೆದು ಅಗಲ ಕಡಿಮೆಯಾಯಿತು ಎನ್ನಿ. ನಿಧಾನದಲ್ಲಿ ಅದು ಹಿಂದಿನ ಪುಲ್ಲಿಯ ಅಂಚಿನಲ್ಲಿ ಇರಬೇಕು. ಸವೆದ ಬೆಲ್ಟ್ ಅಲ್ಲಿ ನಿಲ್ಲದೆ ಸ್ವಲ್ಪ ಒಳಗೆ ಇಳಿದು ಕೂರುತ್ತದೆ. ಅಂದರೆ ನಿಮ್ಮ ಫಸ್ಟ್ ಗೇರೇ ಕಳೆದುಹೋದ ಹಾಗೆ. ರೋಲರ್ ಒಂದು ಮಗ್ಗುಲು ಸವೆದು ಚಪ್ಪಟೆಯಾದರೆ ಉರುಳುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಬೆಲ್ಟ್ ಪೂರ್ತಿ ಕೆಳಗಿನ ಗೇರಿಗೆ ವಾಪಸ್ ಬರದೆ ನಡುವೆಯೇ ನಿಲ್ಲುತ್ತದೆ. ಆಮೇಲೆ ಎಷ್ಟು ಆಕ್ಸಲರೇಟರ್ ಕೊಟ್ಟರೂ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಗುಂಯ್ ಎನ್ನುತ್ತಾ ಇರುತ್ತದೆ. ನೀವು ಬರೆದ ಶಬ್ದ ಇದೇ.

ಆದ್ದರಿಂದ ಮೊದಲು ಕವರ್ ಬಿಚ್ಚಿಸಿ. ಬೆಲ್ಟಿನ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಸರ್ವಿಸ್ ಮ್ಯಾನ್ಯುಯಲ್‌ನ ಕನಿಷ್ಠ ಅಳತೆ ಜೊತೆ ಹೋಲಿಸಿ. ಆರೂ ರೋಲರ್‌ಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ವೇರಿಯೇಟರಿನ ಹಿಂದಿನ ಪ್ಲೇಟಿಗೆ ಸಣ್ಣ ಪ್ಲಾಸ್ಟಿಕ್ ಗೈಡ್‌ಗಳಿವೆ, ಅವು ಸಡಿಲವಾಗಿದ್ದರೆ ಬದಲಿಸಿ. ಕ್ಲಚ್ ಶೂ ಹೊಳೆಯುತ್ತಾ ಗಾಜಿನ ಹಾಗೆ ಆಗಿದೆಯಾ ಅಂತಲೂ ನೋಡಲಿ.

ಇಷ್ಟಾದ ಮೇಲೂ ಎಳೆತ ಸಾಲದಿದ್ದರೆ ರೋಲರ್ ತೂಕಕ್ಕೆ ಬನ್ನಿ. ನಿಯಮ ಸುಲಭ. ರೋಲರ್ ಹಗುರವಾದರೆ ಅದೇ ಒತ್ತಡ ಕೊಡಲು ಇಂಜಿನ್ ಜಾಸ್ತಿ ತಿರುಗಬೇಕು. ಉದಾಹರಣೆಗೆ 15 ಗ್ರಾಂ ಇದ್ದದ್ದನ್ನು 13 ಮಾಡಿದರೆ ಗೇರ್ ಬದಲಾಗುವ ಆರ್‌ಪಿಎಂ ಸುಮಾರು 7 ಶೇಕಡಾ ಮೇಲೆ ಹೋಗುತ್ತದೆ. 5,500ರಲ್ಲಿ ನಡೆಯುತ್ತಿದ್ದದ್ದು 5,900ರಲ್ಲಿ ನಡೆಯುತ್ತದೆ. ಆಕ್ಸೆಸ್‌ಗೆ ಗರಿಷ್ಠ ಟಾರ್ಕ್ (ತಿರುಗಿಸುವ ಬಲ), 10 ಎನ್‌ಎಂ, ಬರುವುದು 5,500ರಲ್ಲಿ, ಆಗ ಪವರ್ ಸುಮಾರು 7.8 ಪಿಎಸ್. ಪೂರ್ತಿ ಪವರ್ 6,750ರಲ್ಲಿ. ಏರಿನಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟಾಗ ಇಂಜಿನ್ ಈ ಎರಡರ ನಡುವೆ ನಿಂತರೆ ಅದಕ್ಕಿಂತ ಒಳ್ಳೆಯದಿಲ್ಲ. 6,750 ದಾಟಿಸಿದರೆ ಶಬ್ದ ಜಾಸ್ತಿ, ಪವರ್ ಕಡಿಮೆ. ಪೆಟ್ರೋಲ್ ಸುಮ್ನೆ ಖರ್ಚು.

ಆಕ್ಸೆಸ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ. ಓದುವುದು ಹಿಂದೆ ಕೂತವರ ಕೆಲಸ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಅಳೆಯದೆ ತೂಕ ಆರಿಸಿದರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದಿಲ್ಲ. ನಿಂತಲ್ಲಿಂದ ಹೊರಡುವಾಗ, ಅಥವಾ ತೀರಾ ನಿಧಾನವಾಗಿ ಹತ್ತುವಾಗ ಬೆಲ್ಟ್ ಹೇಗೂ ಕೆಳಗಿನ ಗೇರಿನಲ್ಲೇ ಇರುತ್ತದೆ. ಅಲ್ಲಿ ರೋಲರ್ ತೂಕ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಕೆಲಸ ಮಾಡುವುದು ಬೆಲ್ಟ್ ಮೇಲೇರಲು ಶುರುವಾದ ಮೇಲೆ. ನಿಮ್ಮ ತೊಂದರೆ 25ರಿಂದ 35ರ ನಡುವೆ ಇದೆ, ಹಾಗಾಗಿ ರೋಲರ್ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಪೀಣ್ಯದವರೇ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಿಟ್ ಕೆಟ್ಟದ್ದು ಎನ್ನುತ್ತಿಲ್ಲ. ಒಳ್ಳೆ ಕಂಪನಿಯ ವೇರಿಯೇಟರಿನಲ್ಲಿ ರೋಲರ್ ಓಡುವ ದಾರಿಯ ಇಳಿಜಾರೇ ಬೇರೆ ಇರುತ್ತದೆ, ಬೆಲ್ಟಿಗೆ ಓಡಾಡಲು ಜಾಗವೂ ಜಾಸ್ತಿ ಸಿಗಬಹುದು. ಆದರೆ ಅದರಲ್ಲೂ ರೋಲರ್ ತೂಕ ಹೊಂದಿಸಲೇಬೇಕು, ಆ ಕೆಲಸ ತಪ್ಪುವುದಿಲ್ಲ. ಸವೆದ ಬೆಲ್ಟಿನ ಮೇಲೆ ಹೊಸ ವೇರಿಯೇಟರ್ ಹಾಕಿದರೆ ಸವೆದ ಬೆಲ್ಟ್ ಹಾಗೇ ಉಳಿಯುತ್ತದೆ.

ಪೀಣ್ಯ_ಎನ್‌ಟಾರ್ಕ್:

ಸರಿ ಸರ್. ಹಾಗಾದರೆ ಟಾಪ್ ಸ್ಪೀಡಿಗೆ ಭಾರದ ರೋಲರ್ ಹಾಕಿದರೆ?

ತೀರ್ಥಹಳ್ಳಿ_ಸಿವಿಟಿ:

ಮೊದಲು ಮಾರ್ಕರ್ ಪೆನ್ ತೆಗೆದುಕೊಳ್ಳಿ. ಮುಂದಿನ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಗೆರೆ ಎಳೆಯಿರಿ. ಕವರ್ ಹಾಕಿ, ಖಾಲಿ ಹೈವೇಯಲ್ಲಿ ಒಮ್ಮೆ ಪೂರ್ತಿ ಓಡಿಸಿ ಬಂದು ಬಿಚ್ಚಿ ನೋಡಿ. ಬೆಲ್ಟ್ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಅಂಚಿನ ತನಕ ಅಳಿಸಿದ್ದರೆ ಬೆಲ್ಟ್ ಆಗಲೇ ಕೊನೆ ಮುಟ್ಟಿದೆ, ಭಾರದ ರೋಲರಿನಿಂದ ಏನೂ ಸಿಗುವುದಿಲ್ಲ. ಅಂಚಿನಿಂದ ದೂರ ನಿಂತಿದ್ದರೆ ಬೆಲ್ಟ್ ಸವೆದಿದೆ, ಅಥವಾ ರೋಲರ್ ತೀರಾ ಹಗುರವಾಗಿದೆ, ಇಲ್ಲವೇ ಎಲ್ಲೋ ಸಿಕ್ಕಿಕೊಳ್ಳುತ್ತಿದೆ.

ನಿಮ್ಮ ಬಿಎಸ್6 ಗಾಡಿಗೆ 9.38 ಪಿಎಸ್ ಬರುವುದು 7,000ದಲ್ಲಿ. ನಿಮ್ಮ ಮೀಟರಿನಲ್ಲಿ ಆರ್‌ಪಿಎಂ ಕಾಣದಿದ್ದರೆ ನೀವೂ ಟ್ಯಾಕೋಮೀಟರ್ ತರಿಸಿಕೊಳ್ಳಿ. ಪೂರ್ತಿ ಆಕ್ಸಲರೇಟರ್‌ನಲ್ಲಿ 40ರಿಂದ 70ರವರೆಗೆ ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಬರೆದುಕೊಳ್ಳಿ. ಅದನ್ನು ಇಲ್ಲಿ ಹಾಕಿದರೆ ಮುಂದೆ ಮಾತಾಡೋಣ.

ಕುಂದಾಪುರ_ಗ್ಯಾರೇಜ್:

ತೀರ್ಥಹಳ್ಳಿಯವರು ಹೇಳಿದ್ದು ಸರಿ. ನಾನು ಜೋಡಿಸುವ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಗಾಡಿಗಳು ಹಾಳಾಗಿ ನಮ್ಮ ಹತ್ತಿರ ಬರುವುದು ಇಲ್ಲೇ.

ವೇರಿಯೇಟರ್ ವಾಪಸ್ ಹಾಕುವಾಗ ಹಿಂದಿನ ಪುಲ್ಲಿಯನ್ನು ಕೈಯಲ್ಲಿ ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತಬೇಕು. ಆಗ ಮುಂದೆ ಬೆಲ್ಟ್ ಸಡಿಲ ಇರುತ್ತದೆ. ಹಾಗೆ ಮಾಡದೆ ನಟ್ ಬಿಗಿದರೆ ಬೆಲ್ಟ್ ತಟ್ಟೆಗೂ ನಡುವಿನ ಬುಷ್‌ಗೂ ಮಧ್ಯೆ ಸಿಕ್ಕುತ್ತದೆ. ನಟ್ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ಬಿಗಿಯಾಗಿರುವುದಿಲ್ಲ. ಸ್ವಲ್ಪ ಓಡಿದ ಮೇಲೆ ಸಡಿಲವಾಗಿ ಕ್ರ್ಯಾಂಕಿನ ಹಲ್ಲನ್ನೇ ತಿಂದುಹಾಕುತ್ತದೆ. ಕ್ರ್ಯಾಂಕ್ ಹೋದರೆ ಇಂಜಿನ್ ಬಿಚ್ಚಬೇಕು. ರೋಲರ್ ದುಡ್ಡು ಉಳಿಸಲು ಹೋದವರ ಕಥೆ ಅಲ್ಲಿಗೆ ಮುಗಿಯಿತು.

ಪುಲ್ಲಿ ಹಿಡಿಯುವ ಟೂಲ್ ಬಳಸಿ. ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ತಡೆಯುವುದು ಬೇಡ, ಮುರಿಯುತ್ತದೆ. ಕೊನೆಯ ಬಿಗಿತ ಟಾರ್ಕ್ ಸ್ಪ್ಯಾನರಿನಲ್ಲೇ ಆಗಲಿ. ಮ್ಯಾನ್ಯುಯಲ್‌ನಲ್ಲಿ ಹೇಳದ ಹೊರತು ರೋಲರಿಗೆ ಗ್ರೀಸ್ ಹಚ್ಚಬೇಡಿ. ಗ್ರೀಸ್ ಬೆಲ್ಟಿಗೆ ತಾಗಿದರೆ ಅದು ಜಾರುತ್ತದೆ.

ರೋಲರ್ ಕೊಳ್ಳುವಾಗ ತೂಕ ಒಂದೇ ಅಲ್ಲ, ಅಳತೆಯೂ ಕೇಳಿ. 16×13, 18×14 ಎಂದೆಲ್ಲ ಬರೆದಿರುತ್ತದೆ. ಮೊದಲನೆಯದು ವ್ಯಾಸ, ಎರಡನೆಯದು ಅಗಲ, ಮಿಲಿಮೀಟರಿನಲ್ಲಿ. ನಿಮ್ಮ ಹಳೆಯದನ್ನು ಅಳೆದೇ ತರಿಸಿ. ಬಂದ ಮೇಲೆ ಚಿನ್ನದ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿ. ಪ್ಯಾಕೆಟ್ಟಿನ ಮೇಲೆ ಬರೆದದ್ದೇ ಒಳಗಿರುತ್ತದೆ ಅಂತ ನಂಬಬೇಡಿ. ರೋಲರ್ ಬದಲು ಡಾ. ಪುಲ್ಲಿ ಕಂಪನಿಯದ್ದರಂಥ ಸ್ಲೈಡರ್ (ಉರುಳದೆ ಜಾರುವ ತೂಕ) ಹಾಕುವುದಾದರೆ ಅದಕ್ಕೆ ಒಂದು ದಿಕ್ಕು ಇದೆ. ಅದರ ಜೊತೆ ಬರುವ ಚೀಟಿಯ ಚಿತ್ರ ನೋಡಿಯೇ ಕೂರಿಸಿ. ವಾರಂಟಿ ಇರುವ ಗಾಡಿಗೆ ಇದನ್ನೆಲ್ಲ ಮಾಡುವ ಮೊದಲು ಎರಡು ಸಲ ಯೋಚಿಸಿ.

ಹೆಬ್ರಿ_ಆಕ್ಸೆಸ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬಿಚ್ಚಿಸಿದೆ. ಬೆಲ್ಟಿನ ಅಗಲ ಕನಿಷ್ಠಕ್ಕಿಂತ ಕೆಳಗಿದೆ. ನಾಲ್ಕು ರೋಲರ್‌ಗಳಲ್ಲಿ ಚಪ್ಪಟೆ ಮಗ್ಗುಲು ಚೆನ್ನಾಗಿ ಕಾಣುತ್ತದೆ, ಒಂದರ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಗೈಡ್‌ಗಳೂ ಅಲ್ಲಾಡುತ್ತವೆ. ಕ್ಲಚ್ ಪರವಾಗಿಲ್ಲ ಎಂದರು. ಹೇಗೂ ಬಿಚ್ಚಿದ್ದಾಗಿದೆ, ಈಗಲೇ ಹಗುರ ರೋಲರ್ ಹಾಕಿಬಿಡಲಾ? ದೊಡ್ಡ ಸ್ಪ್ರಿಂಗನ್ನೂ ಗಟ್ಟಿಯದು ಹಾಕಿಸಿ ಎನ್ನುತ್ತಿದ್ದಾರೆ.

ತೀರ್ಥಹಳ್ಳಿ_ಸಿವಿಟಿ:

ಬೇಡ. ಕಂಪನಿಯ ಬೆಲ್ಟ್, ಕಂಪನಿ ತೂಕದ ಹೊಸ ರೋಲರ್, ಹೊಸ ಗೈಡ್ ಹಾಕಿಸಿ. ಸ್ಪ್ರಿಂಗ್ ಮುಟ್ಟಬೇಡಿ. ಗಟ್ಟಿ ಸ್ಪ್ರಿಂಗ್ ಬೆಲ್ಟನ್ನು ಜಾಸ್ತಿ ಹಿಂಡುತ್ತದೆ, ಬಿಸಿ ಮಾಡುತ್ತದೆ. ನಿಮ್ಮ ಇಂಜಿನ್ನಿಗೆ ಅದರ ಅಗತ್ಯ ಇಲ್ಲ. ಈ ಸ್ಥಿತಿಯಲ್ಲಿ ಘಾಟಿ ಹತ್ತಿ ಆರ್‌ಪಿಎಂ ನೋಡಿ. ಸವೆದ ಭಾಗಗಳನ್ನೂ ರೋಲರ್ ತೂಕವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ತಿರುವು ದಾಟಿ ಪೂರ್ತಿ ಆಕ್ಸಲರೇಟರ್ ಕೊಟ್ಟಾಗ 5,500 ಮೇಲೆ ನಿಂತರೆ ಅಲ್ಲಿಗೆ ಬಿಡಿ. ಅದಕ್ಕಿಂತ ಕೆಳಗಿದ್ದರೆ ಒಂದು ಗ್ರಾಂ ಕಡಿಮೆಯ ಇನ್ನೊಂದು ಸೆಟ್ ತರಿಸಿ. ಅದರಲ್ಲಿ ಮೂರು, ಕಂಪನಿಯದ್ದು ಮೂರು, ಒಂದು ಬಿಟ್ಟು ಒಂದರಂತೆ ಕೂರಿಸಿ. ಸರಾಸರಿ ಅರ್ಧ ಗ್ರಾಂ ಇಳಿದ ಹಾಗಾಗುತ್ತದೆ. ಅದೂ ಸಾಲದಿದ್ದರೆ ಆರನ್ನೂ ಹಗುರದ್ದೇ ಹಾಕಿ. ಹೀಗೆ ಸ್ವಲ್ಪ ಸ್ವಲ್ಪವೇ ಇಳಿಸಿದರೆ ಮೈಲೇಜ್ ಎಷ್ಟು ಬಿತ್ತು ಅನ್ನುವುದೂ ಲೆಕ್ಕಕ್ಕೆ ಸಿಗುತ್ತದೆ.

ಇಳಿಯುವಾಗಿನ ವಿಷಯವನ್ನೂ ಹೇಳಿಬಿಡುತ್ತೇನೆ. ರೋಲರ್ ಹಗುರವಾದರೆ ಘಾಟಿ ಇಳಿಯುವಾಗ ಇಂಜಿನ್ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅದು ಒಳ್ಳೆಯದೇ. ಆದರೆ ಆಕ್ಸಲರೇಟರ್ ಬಿಟ್ಟು ತೀರಾ ನಿಧಾನವಾದರೆ ಕ್ಲಚ್ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್‌ನಲ್ಲಿ ಜಾರುತ್ತದೆ. ರೋಲರ್ ಯಾವುದೇ ಇರಲಿ, ಹಾಗೇ ಆಗುತ್ತದೆ. ತಿರುವಿನಲ್ಲಿ ಹಾಗಾದಾಗ ಎರಡೂ ಬ್ರೇಕ್ ಹದವಾಗಿ ಹಿಡಿದು, ಒಂದು ಚೂರು ಆಕ್ಸಲರೇಟರ್ ಕೊಟ್ಟರೆ ಕ್ಲಚ್ ಮತ್ತೆ ಕಚ್ಚುತ್ತದೆ. ಮಳೆಗಾಲದಲ್ಲಿ, ಹಿಂದೆ ಮನೆಯವರು ಕೂತಿರುವಾಗ, ಇದನ್ನು ನೆನಪಿಡಿ.

ಹಳೆಯ ರೋಲರ್‌ಗಳನ್ನು ಬಿಸಾಡಬೇಡಿ. ತೂಗಿ ಎಷ್ಟು ಬಂತು ಅಂತ ಇಲ್ಲಿ ಹಾಕಿ, ಜೊತೆಗೆ ಹೊಸ ಬೆಲ್ಟಿನಲ್ಲಿ ಘಾಟಿಯ ಆರ್‌ಪಿಎಂ ಕೂಡ.