ಲೈಮ್‌ಸ್ಟೋನ್ ಕೌಂಟಿಯಲ್ಲಿ ಮನೆ ತಗೊಳ್ತಿದ್ದೀವಿ: ಟೊರ್ನಾಡೋ (ಸುಂಟರಗಾಳಿ) ಇತಿಹಾಸ, ಶೆಲ್ಟರ್ ಬಗ್ಗೆ ಅನುಭವ ಹೇಳಿ

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಕೆಲಸ ಅಲಬಾಮದ ಹಂಟ್ಸ್‌ವಿಲ್‌ನಲ್ಲಿ. ಮನೆ ನೋಡಿರೋದು ಪಕ್ಕದ ಲೈಮ್‌ಸ್ಟೋನ್ ಕೌಂಟಿಯ ಪೂರ್ವ ಭಾಗ, ಕ್ಯಾಪ್‌ಶಾ ಕಡೆ. ಸುತ್ತ ಹತ್ತಿ ಹೊಲ, ಮಧ್ಯದಲ್ಲಿ ಹೊಸ ಲೇಔಟ್. ಬೇಸ್‌ಮೆಂಟ್ ಇಲ್ಲ, ನೆಲಕ್ಕೆ ಹಾಕೋ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಮನೆ, ಸ್ಲ್ಯಾಬ್ ಇನ್ನೂ ಹಾಕಿಲ್ಲ. ಟ್ಯಾನರ್ ಅಂತ ಇದೇ ಕೌಂಟಿಯ ಊರು, ಆಫೀಸಿನಲ್ಲಿ ಹಳಬರೊಬ್ಬರು "ಟ್ಯಾನರ್ ಹತ್ರಾನಾ? ಹಿಸ್ಟರಿ ನೋಡ್ಕೊಂಡು ಸೈನ್ ಮಾಡು" ಅಂದ್ರು. ಅಪ್ಪ ಅಮ್ಮ ವರ್ಷಕ್ಕೆ ಆರು ತಿಂಗಳು ಬಂದಿರ್ತಾರೆ, ಅಮ್ಮನಿಗೆ ಮಂಡಿ ನೋವು. ಈ ಕಡೆ ಹಿಂದೆ ಏನೇನು ಬಂದು ಹೋಗಿದೆ? ಶೆಲ್ಟರ್ ನೆಲದೊಳಗೆ ಹಾಕಿಸಬೇಕಾ, ನೆಲದ ಮೇಲಾ? ಅನುಭವ ಇರೋರು ದಯವಿಟ್ಟು ಹೇಳಿ.

ಧಾರವಾಡದಾಂವ

ನಾವು ಇದ್ದದ್ದು ಹಾರ್ವೆಸ್ಟ್‌ನ್ಯಾಗರಿ, ನಿಮ್ಮ ಕೌಂಟಿ ಗಡಿ ದಾಟಿದ್ರ ಸಿಗತೈತಿ. 2011ರ ಏಪ್ರಿಲ್ 27. ನಸುಕಿನ್ಯಾಗಿಂದನ ವಾರ್ನಿಂಗ್ ಮ್ಯಾಲೆ ವಾರ್ನಿಂಗ್. ಸಂಜೀಮುಂದ ನಾಕು ಹೊಡದ ಮ್ಯಾಲೆ ದೊಡ್ಡದು ಬಂತು. ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಪ್‌ಬೆಲ್ ಎರಡೂ ಊರು ನೆಲಸಮ ಮಾಡಿ, ಟ್ಯಾನರ್ ಹಾದು, ನಮ್ಮ ಕಡೆ. ಇಎಫ್5. ಟೊರ್ನಾಡೋ ಅಳತಿಯೊಳಗ ಎಲ್ಲಕ್ಕಿಂತ ಮ್ಯಾಲಿನ ದರ್ಜೆ ಅದು. ಒಟ್ಟು 132 ಮೈಲಿ ಓಡಿ ಟೆನೆಸ್ಸಿ ಮುಟ್ಟೈತಿ, 72 ಮಂದಿ ಸತ್ರು. ನಮ್ಮ ಮನಿ ನಿಂತಿತ್ತು, ಛಾವಣಿ ಅರ್ಧ ಹೋತು. ಯಾರದೋ ಮನಿಯ ಗುಲಾಬಿ ಬಣ್ಣದ ಇನ್ಸುಲೇಷನ್ ನಮ್ಮ ಹಿತ್ತಲ ಬೇಲಿ ತುಂಬ ಸಿಕ್ಕೊಂಡು, ಮಳಿಯಾಗ ತೊಯ್ದು, ಎಷ್ಟ್ ಕಿತ್ತರೂ ಬರವಲ್ದು.

ಮಂದಿ ಗಾಳಿ ಬಗ್ಗೆ ಅಷ್ಟ ಕೇಳ್ತಾರ, ಆಮ್ಯಾಲಿನ ಕತಿ ಕೇಳಂಗಿಲ್ಲ. ಹೈಟೆನ್ಶನ್ ಲೈನ್ ಬಿದ್ದು ಬ್ರೌನ್ಸ್ ಫೆರ್ರಿ ಅಣುಸ್ಥಾವರದ ಮೂರೂ ರಿಯಾಕ್ಟರ್ ಬಂದ್ ಆದುವು. ಅದು ಇರೂದು ಇದೇ ಲೈಮ್‌ಸ್ಟೋನ್ ಕೌಂಟಿಯೊಳಗ, ಟೆನೆಸ್ಸಿ ಹೊಳಿ ದಂಡಿಗೆ. ಒಂದು ವಾರದ ಹತ್ತಿರ ಕರೆಂಟ್ ಇಲ್ಲ. ಪಂಪ್ ನಡ್ಯಂಗಿಲ್ಲ ಅಂತ ಪೆಟ್ರೋಲ್ ಇಲ್ಲ, ಕಾರ್ಡ್ ನಡ್ಯಂಗಿಲ್ಲ, ಎಟಿಎಂ ಇಲ್ಲ. 600 ಡಾಲರಿನ ಜನರೇಟರ್‌ಗೆ ಟೆನೆಸ್ಸಿಗೆ ಹೋಗಿ 950 ಕೊಟ್ಟು ತಂದೆ.

ಇನ್ನ ಇನ್ಶೂರೆನ್ಸ್. ಮನಿಗೆ ಮಾಡಿಸಿದ್ದು 2,10,000. ಗಾಳಿ, ಆಲಿಕಲ್ಲಿಗೆ ಡಿಡಕ್ಟಿಬಲ್ (ಮದಲ ನಾವ ಕೈಯಿಂದ ಹಾಕೂ ರೊಕ್ಕ) ಬ್ಯಾರೆ, 2 ಪರ್ಸೆಂಟ್, ಅಂದ್ರ 4,200. ಛಾವಣಿಗೆ ಅವರು ಕಟ್ಟಿದ ಲೆಕ್ಕ 11,400. ಹಳೇ ಛಾವಣಿ ಅಂತ ಸವಕಳಿ 3,900 ಕಡದ್ರು. ಕೈಗೆ ಬಂದದ್ದು 3,300. ರೂಫರ್ ಬಿಲ್ 13,250. ಗಿಡ ಮನಿ ಮ್ಯಾಲೆ ಬಿದ್ರ ತಗಸಾಕ ರೊಕ್ಕ ಕೊಡ್ತಾರ, ಅಂಗಳದಾಗ ಬಿದ್ರ ಇಲ್ಲ. ನಮ್ಮ ಓಕ್ ಗಿಡ ಅಂಗಳದಾಗ ಬಿತ್ತು, 1,800 ಹೋತು. ಶೆಲ್ಟರ್ ಆಮ್ಯಾಲೆ ನೋಡ್ರಿ, ಮದಲ ಪಾಲಿಸಿ ಓದ್ರಿ.

ಮಂಡ್ಯ_ಮೋಡ

1974 ಬಿಟ್ಟು ಟ್ಯಾನರ್ ಬಗ್ಗೆ ಮಾತಾಡೋಕಾಗಲ್ಲ. ಆ ವರ್ಷ ಏಪ್ರಿಲ್ 3ರಿಂದ 4ರವರೆಗೆ, 24 ಗಂಟೆಯಲ್ಲಿ, 13 ರಾಜ್ಯಗಳಲ್ಲಿ 148 ಟೊರ್ನಾಡೋ, 300ಕ್ಕೂ ಹೆಚ್ಚು ಸಾವು. ಏಪ್ರಿಲ್ 3ರ ಸಂಜೆ ಟ್ಯಾನರ್ ಮೇಲೆ ಒಂದರ ಬೆನ್ನಿಗೆ ಒಂದು, ಎರಡು ಬಂದವು. ಟೊರ್ನಾಡೋಗಳ ಪಟ್ಟಿಯಲ್ಲಿ ಎರಡೂ ಎಫ್5 (ಈಗಿನ ಇಎಫ್‌ಗೆ ಮುಂಚಿನ ಹಳೇ ಅಳತೆ ಎಫ್). ಮೊದಲನೆಯದು ಹೋಗಿ ಜನ ಇನ್ನೂ ಅವಶೇಷದಲ್ಲಿ ಗಾಯಾಳುಗಳನ್ನ ಹುಡುಕ್ತಿರುವಾಗಲೇ ಎರಡನೆಯದು. ಮೊದಲ ಗಾಳಿಯಲ್ಲಿ ಗಾಯಗೊಂಡವರೊಬ್ಬರನ್ನ ಚರ್ಚಿಗೆ ಸಾಗಿಸಿದ್ರು, ಎರಡನೇ ಗಾಳಿಗೆ ಆ ಚರ್ಚೇ ಕುಸಿದು ಅವರು ತೀರಿಕೊಂಡ್ರು ಅಂತ ಹೇಳ್ತಾರೆ.

ಅದೊಂದೇ ಅಲ್ಲ. 1995 ಮೇ 18, ಎಫ್4, ಅಥೆನ್ಸ್ ಕಡೆಯಿಂದ ಹಾರ್ವೆಸ್ಟ್‌ಗೆ, ಅಲ್ಲಿನ ಆ್ಯಂಡರ್ಸನ್ ಹಿಲ್ಸ್ ಲೇಔಟ್ ಹಾಳಾಯ್ತು. 2011ರಲ್ಲಿ ಅದೇ ಆ್ಯಂಡರ್ಸನ್ ಹಿಲ್ಸ್ ಮತ್ತೆ. ಒಂದು ವರ್ಷ ಕಳೆದಿಲ್ಲ, 2012 ಮಾರ್ಚ್ 2, ಇಎಫ್3, ಕೇನ್‌ಬ್ರೇಕ್ ಲೇಔಟ್ ಮತ್ತು ಕ್ಯಾಪ್‌ಶಾ ಹತ್ತಿರದ ಸೆರೆಮನೆ. ನೀವು ನೋಡಿರೋ ಜಾಗ ಸರಿಯಾಗಿ ಇವೆಲ್ಲ ಓಡಿದ ದಾರಿಯಲ್ಲೇ ಇದೆ. ಇಲ್ಲಿ ದೊಡ್ಡವೆಲ್ಲ ನೈರುತ್ಯದಿಂದ ಈಶಾನ್ಯಕ್ಕೆ ಓಡ್ತವೆ. ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ಈ ಕಣಿವೆಯವರೆಗೂ ಬರುತ್ತೆ, ಮೇಲೆ ಜೋರು ಗಾಳಿ ಬೇರೆ ದಿಕ್ಕಿನಿಂದ. ಕ್ಯಾನ್ಸಸ್ ಥರ ದೂರದಿಂದ ಕಾಣಿಸಲ್ಲ. ಮರ, ಗುಡ್ಡ, ಮಳೆಯ ಪರದೆ, ಎಷ್ಟೋ ಸಲ ಕತ್ತಲು. ನವೆಂಬರ್ ಸುತ್ತ ಇನ್ನೊಂದು ಸೀಸನ್ ಇದೆ. 1989 ನವೆಂಬರ್ 15ರಂದು ಹಂಟ್ಸ್‌ವಿಲ್‌ನ ಏರ್‌ಪೋರ್ಟ್ ರಸ್ತೆಯಲ್ಲಿ, ಆಫೀಸ್ ಬಿಡೋ ಹೊತ್ತಿಗೆ, ಎಫ್4 ಬಂದು 21 ಜನ ಹೋದ್ರು. ಅಪ್ಪ ಅಮ್ಮನ್ನ ಬೇಸಿಗೆ ಬಿಟ್ಟು ಚಳಿಗಾಲಕ್ಕೆ ಕರೆಸ್ತೀನಿ ಅನ್ನೋ ಲೆಕ್ಕ ನಡೆಯಲ್ಲ.

ನಾನು ಈ ದಾರಿಗಳನ್ನೆಲ್ಲ ಒಂದೇ ನಕ್ಷೆ ಮೇಲೆ ಎಳೆದು ನೋಡಿ, 38,000 ಜಾಸ್ತಿ ಕೊಟ್ಟು ದಕ್ಷಿಣಕ್ಕೆ ಮ್ಯಾಡಿಸನ್ ಸಿಟಿಯಲ್ಲಿ ತಗೊಂಡೆ. ಪ್ರತಿ ತಿಂಗಳು ಇಎಂಐ ಕಟ್ಟುವಾಗಲೂ ಸರಿ ಮಾಡಿದೆ ಅನ್ಸುತ್ತೆ.

ಬೆಂಗಳೂರು_ಜಯನಗರ

@ಮಂಡ್ಯ_ಮೋಡ ಸರ್, ಎರಡನೇ ಟ್ಯಾನರ್ ಟೊರ್ನಾಡೋ ಎಫ್5 ಹೌದೋ ಅಲ್ವೋ ಅಂತ ಪರಿಣತರಲ್ಲೇ ವಾದ ಇದೆ. ಮೊದಲನೆಯದು ಮುರಿದು ಹಾಕಿದ್ದನ್ನೇ ಎರಡನೆಯದು ಮತ್ತೆ ಮುರಿದಿದೆ. ಯಾವ ಹಾನಿ ಯಾವುದರದ್ದು ಅಂತ ಬಿಡಿಸೋದು ಹೇಗೆ? ರೇಟಿಂಗ್ ಕೊಡೋದು ಗಾಳಿ ಅಳೆದು ಅಲ್ಲ, ಹಾನಿ ನೋಡಿ. ಅಷ್ಟು ಖಚಿತವಾಗಿ ಬರೀಬೇಡಿ. ಮತ್ತೆ ಮ್ಯಾಡಿಸನ್ ಸಿಟಿಗೆ ಬರಲ್ಲ ಅಂತ ಯಾರು ಹೇಳಿದ್ದು? ಅದೇ 1974ರ ರಾತ್ರಿ ಇನ್ನೊಂದು ರೆಡ್‌ಸ್ಟೋನ್ ಆರ್ಸೆನಲ್ ಅನ್ನೋ ಸೇನಾ ನೆಲೆ ದಾಟಿ ಹಂಟ್ಸ್‌ವಿಲ್‌ಗೇ ಹೊಡೀತು. ಆರ್ಸೆನಲ್ ನಿಮ್ಮ ಮನೆಗೆ ಎಷ್ಟು ದೂರ?

ಮಂಡ್ಯ_ಮೋಡ

ಪಟ್ಟಿಯಲ್ಲಿ ಎಫ್5 ಅಂತಿದೆ, ಪಟ್ಟಿಯಲ್ಲಿ ಅಂತಲೇ ಬರೆದಿದ್ದೀನಿ. ಎಫ್4 ಆಗಿದ್ರೆ ಸತ್ತವರು ಎದ್ದು ಬರ್ತಾರಾ? ಬರಲ್ಲ ಅಂತಲೂ ನಾನು ಹೇಳಿಲ್ಲ. ಹೆಚ್ಚು ಸಲ ಬಂದ ಜಾಗ ಬಿಟ್ಟು ಕಡಿಮೆ ಸಲ ಬಂದ ಜಾಗ ಆರಿಸಿಕೊಂಡೆ ಅಷ್ಟೆ. ನನ್ನ ದುಡ್ಡು, ನನ್ನ ಮಕ್ಕಳು.

ಉಡುಪಿ_ಒಕ್ಲಹೋಮ

ನಾವು ಒಕ್ಲಹೋಮದ ಮೂರ್ ಎಂಬ ಊರಿನಲ್ಲಿ ಇರುವುದು ಮಾರಾಯ್ರೆ. ನಮ್ಮ ಊರಿಗೆ 1999 ಮೇ 3ರಂದು ಎಫ್5, 2013 ಮೇ 20ರಂದು ಇಎಫ್5. ಎರಡನೆಯದರಲ್ಲಿ 24 ಜನ, ಅದರಲ್ಲಿ ಶಾಲೆಯಲ್ಲೇ ಹೋದ 7 ಮಕ್ಕಳು. ನಾವು ಗ್ಯಾರೇಜಿನ ನೆಲ ಕತ್ತರಿಸಿ ಸ್ಟೀಲ್ ಶೆಲ್ಟರ್ ಕೂರಿಸಿದ್ದು 2012ರಲ್ಲಿ. ಆಗ 3,400 ಡಾಲರ್, ಎಲ್ಲ ಸೇರಿ. ಹೆಂಡತಿಗೆ ಇಷ್ಟ ಇರಲಿಲ್ಲ, ಆ ದುಡ್ಡಿಗೆ ಊರಿಗೆ ಹೋಗಿ ಬರಬಹುದಿತ್ತು ಅಂತ. ಮರುವರ್ಷ ಅದರೊಳಗೇ ಕೂತಿದ್ದು ಮೂವರೂ. ಜಾರುವ ಬಾಗಿಲು, ಮೇಲೆ ಕಾರು ನಿಂತಿದ್ದರೂ ಒಳಗೆ ಇಳಿಯಬಹುದು. ನಗರದವರ ಹತ್ತಿರ ಶೆಲ್ಟರ್ ಎಲ್ಲಿದೆ ಅಂತ ನೋಂದಾಯಿಸಿ ಇಡಬೇಕು, ಮೇಲೆ ಅವಶೇಷ ಬಿದ್ದರೆ ಹುಡುಕುವವರಿಗೆ ಗೊತ್ತಾಗುತ್ತದೆ. 2014ರಲ್ಲಿ ನಮ್ಮ ಊರಿನಲ್ಲಿ ಹೊಸ ಮನೆಗಳು ಗಂಟೆಗೆ 135 ಮೈಲಿ ಗಾಳಿ ತಡೆಯಬೇಕು ಅಂತ ಕೋಡ್ ಕೂಡ ಬದಲಾಯಿಸಿದರು. ನೆಲದೊಳಗೆ ಹಾಕಿಸಿ, ಯೋಚನೆ ಮಾಡುವುದೇ ಬೇಡ. ಇಎಫ್5 ಎದುರು ನೆಲದ ಮೇಲೆ ಪೆಟ್ಟಿಗೆಯಲ್ಲಿ ಕೂರುವುದೆಂದರೆ ನನಗೆ ಧೈರ್ಯ ಇಲ್ಲ.

ಶಿವಮೊಗ್ಗದ_ಅಕ್ಕ

ಒಕ್ಲಹೋಮದ ಮಣ್ಣು ಬೇರೆ, ಇಲ್ಲಿನ ಮಣ್ಣು ಬೇರೆ ಸರ್. ಇದೇ ಲೈಮ್‌ಸ್ಟೋನ್ ಕೌಂಟಿಯಲ್ಲಿ ನೆಲದೊಳಗೆ ಹಾಕಿಸಿ ಸುಸ್ತಾದವರು ನಾವು. ಹಿತ್ತಲಲ್ಲಿ ಫೈಬರ್‌ಗ್ಲಾಸ್ ಶೆಲ್ಟರ್, 4,650. ಅಗೆಯುವಾಗ ಸುಣ್ಣಕಲ್ಲು ಸಿಕ್ಕಿತು ಅಂತ 1,200 ಎಕ್ಸ್‌ಟ್ರಾ. ಕೆಂಪು ಜೇಡಿಮಣ್ಣು ನೀರು ಬಿಡುವುದೇ ಇಲ್ಲ. ಫೆಬ್ರವರಿ ಮಳೆಗೆ ಮೆಟ್ಟಿಲ ತನಕ ನೀರು. ಆ ನೀರು ಹೊರಹಾಕಲು ಸಂಪ್ ಪಂಪ್ 380, ಅದಕ್ಕೆ ವೈರ್ ಎಳೆಸಲು ಎಲೆಕ್ಟ್ರಿಷಿಯನ್‌ಗೆ 240. ಗಾಳಿ ಬಂದರೆ ಮೊದಲು ಹೋಗುವುದೇ ಕರೆಂಟ್, ಆಮೇಲೆ ಆ ಪಂಪ್ ಯಾವ ಉಪಯೋಗಕ್ಕೆ? ಮುಂದಿನ ಮಳೆಗಾಲದಲ್ಲಿ ಸುತ್ತಲಿನ ನೀರಿಗೆ ಇಡೀ ಶೆಲ್ಟರ್ ಮೇಲೆದ್ದು ಓರೆಯಾಯಿತು, ಬಾಗಿಲು ಜಾಮ್. ಹಾಕಿದವರಿಗೆ ಫೋನ್ ಮಾಡಿದರೆ ಮೊದಲು "ಬರ್ತೀವಿ", ಆಮೇಲೆ "ಲ್ಯಾಂಡ್‌ಸ್ಕೇಪಿಂಗ್ ನಿಮ್ಮ ಜವಾಬ್ದಾರಿ", ಆಮೇಲೆ ಫೋನೇ ಎತ್ತಲಿಲ್ಲ. ವಾರಂಟಿ ಕಾಗದದಲ್ಲಿ ಅಂತರ್ಜಲಕ್ಕೆ ಹೊಣೆಯಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು. ಕಿತ್ತು ಹಾಕಿಸಲು 900.

ಇಷ್ಟಾದರೂ ನೀರಿನ ವಿಷಯ ಬಿಡಿ, ನಮ್ಮ ಅತ್ತೆಗೆ ಆ ಕಡಿದಾದ ಮೆಟ್ಟಿಲು ಇಳಿಯಲು ಆಗುತ್ತಲೇ ಇರಲಿಲ್ಲ. ರಾತ್ರಿ ಒಂದು ಗಂಟೆಗೆ ವಾರ್ನಿಂಗ್, ಸುರಿಯುವ ಮಳೆ, ವಾಕರ್ ಹಿಡಿದುಕೊಂಡು ಹಿತ್ತಲು ದಾಟಬೇಕು. ಅವರು "ನಾನು ಇಲ್ಲೇ ಇರ್ತೀನಿ, ನೀವು ಹೋಗಿ" ಅಂದರು. ಅವತ್ತೇ ತೀರ್ಮಾನ ಮಾಡಿದೆ. ಈಗ ಗ್ಯಾರೇಜಿನಲ್ಲಿ ನೆಲದ ಮೇಲಿನ ಸ್ಟೀಲ್ ಸೇಫ್ ರೂಮ್, 7,800. ವಾಕರ್ ಸಮೇತ ಒಳಗೆ ಹೋಗುತ್ತಾರೆ, ಕುರ್ಚಿ ಇದೆ, ಹೆಲ್ಮೆಟ್, ಅವರ ಬಿಪಿ ಮಾತ್ರೆ, ಒಂದು ಡಬ್ಬಿ ಚಕ್ಕುಲಿ. ಈ ಹಾಸನದ ತಮ್ಮನ ಅಮ್ಮನಿಗೂ ಮಂಡಿ ನೋವು. ನೀವು ಯಾರೂ ಅದನ್ನು ಓದಿಯೇ ಇಲ್ಲ.

ಉಡುಪಿ_ಒಕ್ಲಹೋಮ

ಅಕ್ಕ, ನಿಮಗೆ ಕೆಟ್ಟ ಕೆಲಸಗಾರ ಸಿಕ್ಕಿದ್ದು, ಅದು ನೆಲದೊಳಗಿನ ಶೆಲ್ಟರ್‌ನ ತಪ್ಪಲ್ಲ. ಹಿತ್ತಲಲ್ಲಿ ಹಾಕಿಸಿದ್ದು ಬೇರೆ, ಗ್ಯಾರೇಜಿನೊಳಗೆ ಹಾಕಿಸುವುದು ಬೇರೆ.

ಶಿವಮೊಗ್ಗದ_ಅಕ್ಕ

ಗ್ಯಾರೇಜಿನ ಕೆಳಗೂ ಅದೇ ಸುಣ್ಣಕಲ್ಲು, ಅದೇ ನೀರು. ನೆಲದ ಮೇಲಿನದು ಅಂದರೆ ಪೆಟ್ಟಿಗೆ ಅಂತ ಹಗುರವಾಗಿ ಹೇಳಬೇಡಿ. 7 ಕಿಲೋ ಹತ್ತಿರದ ಮರದ ತುಂಡನ್ನು ಗಂಟೆಗೆ 100 ಮೈಲಿ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡುತ್ತಾರೆ, 250 ಮೈಲಿ ಗಾಳಿಗೆ ಡಿಸೈನ್ ಮಾಡುತ್ತಾರೆ. ನಿಮ್ಮ ಮೂರ್‌ನಲ್ಲೇ 2013ರಲ್ಲಿ ಮನೆಗಳೆಲ್ಲ ಹೋಗಿ, ನೆಲದ ಮೇಲಿನ ಸೇಫ್ ರೂಮುಗಳು ನಿಂತಿದ್ದವಲ್ಲ? ನಿಮ್ಮ ಊರಿನ ಇತಿಹಾಸ ನಾನು ನಿಮಗೆ ಹೇಳಬೇಕಾ?

ಉಡುಪಿ_ಒಕ್ಲಹೋಮ

ನಿಂತದ್ದು ಹೌದು, ನಾನೇ ನೋಡಿದ್ದೇನೆ. ಆದರೂ ನಾನು ನೆಲದೊಳಗೇ ಇಳಿಯುವುದು. ಮಗಳು ಶಾಲೆ ಬಿಟ್ಟು ಬಂದಿದ್ದಳು ಅವತ್ತು, ಅವಳನ್ನು ಹಿಡಿದುಕೊಂಡು ಕೂತ ಜಾಗ ಅದು. ಬೇರೆಯವರು ಏನು ಹೇಳಿದರೂ ನನ್ನ ಮನಸ್ಸು ಬದಲಾಗುವುದಿಲ್ಲ.

ತುಮಕೂರು_ಟ್ಯಾನರ್

ಎಲ್ರೂ ಸೇರಿ ಹುಡುಗನ್ನ ಹೆದರಿಸ್ತಿದ್ದೀರಾ. ನಾನು ಟ್ಯಾನರ್‌ನಲ್ಲೇ ಇದೀನಿ, ಶೆಲ್ಟರ್ ಇಲ್ಲ. ಕಿಟಕಿ ಇಲ್ಲದ ಒಳಗಿನ ಬಾತ್‌ರೂಮ್, ಮೇಲೆ ಹಾಸಿಗೆ, ಸಾಕು. ಕೌಂಟಿಯಲ್ಲಿ ಸಾರ್ವಜನಿಕ ಶೆಲ್ಟರುಗಳಿವೆ, ಪುಕ್ಕಟೆ. ಸೈರನ್ ಆದ್ರೆ ಕಾರಲ್ಲಿ ಹೋದ್ರಾಯ್ತು. ಎಂಟು ಸಾವಿರ ಡಾಲರ್ ಸುರಿಯೋ ಬದಲು ಊರಲ್ಲಿ ಸೈಟ್‌ಗೆ ಅಡ್ವಾನ್ಸ್ ಕೊಡಿ. ಒಂದೇ ಜಾಗಕ್ಕೆ ಎರಡು ಸಲ ಬರಲ್ಲ.

ಧಾರವಾಡದಾಂವ

ಒಂದೇ ಜಾಗಕ್ಕ ಎರಡು ಸಲ ಬರಂಗಿಲ್ಲ ಅಂತ ಟ್ಯಾನರ್‌ದಾಗ ಕುಂತು ಬರದೀರಲ್ಲ! ಆ ಊರಿಗೆ ಒಂದೇ ಸಂಜಿಯೊಳಗ ಎರಡು ಬಂದಾವ. ಮ್ಯಾಲೆ ಬರದದ್ದು ಓದ್ರಿ. ಸೈರನ್ ಹೊರಗ ಇದ್ದವರಿಗೆ, ಬಾಗಲಾ ಹಾಕ್ಕೊಂಡು ಮಲಗಿದವರಿಗೆ ಕೇಳಸಂಗಿಲ್ಲ. ಸೈರನ್ ಆದಮ್ಯಾಲೆ ಕಾರ್ ತಗಂಡು ಹೊಂಟ್ರ ದಾರ್ಯಾಗ ಸಿಗತೀರಿ. ಸಾರ್ವಜನಿಕ ಶೆಲ್ಟರಿಗೆ ಹೋಗೂದಾದ್ರ ವಾಚ್ (ಟೊರ್ನಾಡೋ ಬರಬಹುದು ಅನ್ನೂ ಮುನ್ಸೂಚನೆ) ಬಂದಾಗ ಹೋಗಬೇಕು, ವಾರ್ನಿಂಗ್ (ಬಂದೈತಿ, ಅಡಗ್ರಿ ಅನ್ನೂದು) ಆದಾಗಲ್ಲ. 30 ಡಾಲರಿನ ವೆದರ್ ರೇಡಿಯೋ ತಗೋರಿ, ಬ್ಯಾಟರಿ ಹಾಕಿ ಮಂಚದ ಕಡೆ ಇಡ್ರಿ.

ತುಮಕೂರು_ಟ್ಯಾನರ್

ನಿಮ್ಮ ಛಾವಣಿ ಹೋದ ಸಿಟ್ಟು ನನ್ನ ಮೇಲೆ ಯಾಕೆ ಸ್ವಾಮಿ? ಎಲ್ಲರ ಹತ್ರ ಎಂಟು ಸಾವಿರ ಇರಲ್ಲ. ನಾನಿರೋದು ಬಾಡಿಗೆ ಮನೆ, ಓನರ್ ನೆಲಕ್ಕೆ ಡ್ರಿಲ್ ಹೊಡೆಯೋಕೆ ಬಿಡಲ್ಲ. ಕೇಳಿದ್ದೀನಿ, ಆಗಲ್ಲ ಅಂದ್ರು. ಇರೋದ್ರಲ್ಲಿ ನನ್ನ ಮನೆಯವರನ್ನ ಕಾಪಾಡ್ಕೊಳ್ತಿದ್ದೀನಿ.

ಶಿವಮೊಗ್ಗದ_ಅಕ್ಕ

ಅದನ್ನು ಮೊದಲೇ ಹೇಳಿದ್ದರೆ ಯಾರೂ ಜೋರು ಮಾಡುತ್ತಿರಲಿಲ್ಲ. ಬಾಡಿಗೆಯವರಿಗೆ ವಾಚ್ ಬಂದ ಕೂಡಲೇ ಸಾರ್ವಜನಿಕ ಶೆಲ್ಟರ್ ಸರಿ. ಆದರೆ ಸ್ವಂತ ಮನೆ ಕಟ್ಟಿಸುವವನಿಗೆ ಬಾತ್‌ರೂಮ್ ಸಾಕು ಅಂತ ಹೇಳಬೇಡಿ.

ಹಾಸನದ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ವಾಕರ್ ವಿಷಯ ಓದಿ ನೆಲದ ಮೇಲಿನದೇ ಅಂತ ನಿರ್ಧಾರ ಮಾಡಿದ್ವಿ, ಮನೆ ಬಿಡಲ್ಲ. ಬಿಲ್ಡರ್‌ಗೆ ಫೋನ್ ಮಾಡ್ದೆ. ಮುಂದಿನ ವಾರ ಸ್ಲ್ಯಾಬ್, "ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗೆ) ಆದ್ಮೇಲೆ ನೀವೇ ಹಾಕಿಸ್ಕೊಳ್ಳಿ" ಅಂತಿದ್ದಾರೆ.

ಶಿವಮೊಗ್ಗದ_ಅಕ್ಕ

ಬೇಡ, ಒಪ್ಪಬೇಡಿ. ಶೆಲ್ಟರ್ ಕಂಪನಿಯಿಂದ, ಅದನ್ನು ನೆಲಕ್ಕೆ ಬಿಗಿಯುವ ಆ್ಯಂಕರ್ ಬೋಲ್ಟ್‌ಗೆ ಎಷ್ಟು ದಪ್ಪದ ಕಾಂಕ್ರೀಟ್ ಬೇಕು ಅಂತ ಇವತ್ತೇ ಬರೆಸಿಕೊಂಡು ಬಿಲ್ಡರ್‌ಗೆ ಕಳಿಸಿ. ಗ್ಯಾರೇಜಿನ ಆ ಮೂಲೆಯಲ್ಲಿ ಮಾತ್ರ ಸ್ಲ್ಯಾಬ್ ದಪ್ಪ ಮಾಡಿಸಿದರೆ ಈಗ ಕೆಲವು ನೂರು ಡಾಲರ್. ಆಮೇಲೆ ಒಡೆಸಿ ಹಾಕಿಸಲು ನಮಗೆ 1,450 ಆಯಿತು. ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಏನಾದರೂ ಆಗಿದ್ದರೆ ಒಳಗೆ ಬಿಗಿದ ಕೇಬಲ್ ಇರುತ್ತದೆ, ಡ್ರಿಲ್ ತಾಗಿದರೆ ಅಪಾಯ, ಅದನ್ನೂ ಕೇಳಿ. ಎಚ್‌ಒಎ (ಲೇಔಟಿನ ಮನೆ ಮಾಲೀಕರ ಸಂಘ) ಒಪ್ಪಿಗೆ ಇಮೇಲ್‌ನಲ್ಲಿ ತಗೊಳ್ಳಿ, ಬಾಯಿ ಮಾತಿನಲ್ಲಿ ಬೇಡ.

ಉಡುಪಿ_ಒಕ್ಲಹೋಮ

ಬಾಗಿಲು ಒಳಗಡೆಗೆ ತೆರೆಯುವಂಥದ್ದು ಅಥವಾ ಜಾರುವಂಥದ್ದು ತಗೊಳ್ಳಿ. ಹೊರಗೆ ತೆರೆಯುವುದಾದರೆ ಅವಶೇಷ ಅಡ್ಡ ಬಿದ್ದು ಸಿಕ್ಕಿಹಾಕಿಕೊಳ್ಳುತ್ತೀರಿ. ಇದರಲ್ಲಾದರೂ ಅಕ್ಕ ನನ್ನ ಮಾತು ಒಪ್ಪುತ್ತಾರೆ.

ಶಿವಮೊಗ್ಗದ_ಅಕ್ಕ

ಒಪ್ಪುತ್ತೇನೆ. ನಮ್ಮದೂ ಒಳಗೆ ತೆರೆಯುವುದೇ.

ಮಂಡ್ಯ_ಮೋಡ

ಧಾರವಾಡದವ್ರೇ, ಆ 2 ಪರ್ಸೆಂಟ್ ಡಿಡಕ್ಟಿಬಲ್ ಮನೆಯ ಇನ್ಶೂರ್ಡ್ ಬೆಲೆ ಮೇಲಾ, ನಷ್ಟದ ಮೇಲಾ? ನಮ್ಮ ಏಜೆಂಟ್ ನಷ್ಟದ ಮೇಲೆ ಅಂದಿದ್ರು.

ಧಾರವಾಡದಾಂವ

ಇನ್ಶೂರ್ಡ್ ಬೆಲಿ ಮ್ಯಾಲೆರಿ. ಏಜೆಂಟ್ ಬಾಯಿಲೆ ಏನರ ಅನ್ಲಿ, ಪಾಲಿಸಿ ಮದಲ ಹಾಳಿಯೊಳಗ ಗಾಳಿ, ಆಲಿಕಲ್ಲು ಅಂತ ಬ್ಯಾರೆ ಸಾಲು ಇರತೈತಿ, ಅದನ್ನ ಫೋಟೋ ತಗದು ಇಲ್ಲಿ ಹಾಕ್ರಿ. ನಂಬರ್, ಹೆಸರು ಮುಚ್ಚಿ ಹಾಕ್ರಿ.