ಕ್ಯಾಚ್ ಹಿಡಿಯೋದರಲ್ಲಿ ಎತ್ತಿದ ಕೈ, ಬ್ಯಾಟ್ ಹಿಡಿದರೆ ಯಾಕೆ ಹೀಗೆ?

ಪ್ರಶ್ನೆ: ಜಾಕಿ ಬ್ರಾಡ್ಲಿ ಜೂನಿಯರ್ ಅವರ ಹಳೇ ಬೇಸ್‌ಬಾಲ್ ವಿಡಿಯೋ ನೋಡುತ್ತಿದ್ದೆ. ಬ್ಯಾಟಿನ ಸದ್ದು ಕೇಳಿದ ಕೂಡಲೇ ಬೆನ್ನು ತಿರುಗಿಸಿ ಗೋಡೆ ಕಡೆ ಓಡಿ, ಕೊನೇ ಗಳಿಗೆಯಲ್ಲಿ ತಲೆ ಎತ್ತಿ ಕೈ ಚಾಚುತ್ತಾರೆ, ಬಾಲ್ ಗ್ಲೌಸ್ ಒಳಗೆ! ಆದರೆ ಬ್ಯಾಟಿಂಗ್? 2014ರಲ್ಲಿ ಬಾಸ್ಟನ್ ಪರ ಸರಾಸರಿ .198 (ಅಂದರೆ ನೂರು ಅವಕಾಶಕ್ಕೆ ಇಪ್ಪತ್ತು ಹಿಟ್ ಕೂಡ ಇಲ್ಲ; ಹಿಟ್ ಅಂದರೆ ಬಾಲ್ ಹೊಡೆದು ಔಟಾಗದೆ ಬೇಸ್ ಮುಟ್ಟೋದು), 2021ರಲ್ಲಿ ಮಿಲ್ವಾಕಿ ಪರ .163. ಇಷ್ಟು ಚುರುಕು ಕಣ್ಣಿರುವವರಿಗೆ ಬಾಲ್ ಹೊಡೆಯೋದು ಯಾಕೆ ಕಷ್ಟ?

ಉತ್ತರ: ಎರಡೂ ಬೇರೆ ಬೇರೆ ಕೆಲಸ. ಎತ್ತರಕ್ಕೆ ಹೋದ ಬಾಲ್ ಫೀಲ್ಡರ್‌ಗೆ ನಾಲ್ಕೈದು ಸೆಕೆಂಡ್ ಕಾಣುತ್ತದೆ. ಬ್ಯಾಟರ್‌ಗೆ ಅರ್ಧ ಸೆಕೆಂಡೂ ಸಿಗಲ್ಲ, ಅಷ್ಟರಲ್ಲೇ ಅದು ನೇರ ಬರುತ್ತದಾ, ಕೊನೆಗೆ ಕೆಳಗೆ ಬೀಳುತ್ತದಾ ಅಂತ ಊಹಿಸಿ ಬ್ಯಾಟ್ ಬೀಸಬೇಕು. ಕ್ರಿಕೆಟ್ ಥರ ತಡೆದು ತಡೆದು ಓವರ್ ಕಳೆಯೋಣ ಅನ್ನುವ ಹಾಗಿಲ್ಲ, ಮೂರು ಸ್ಟ್ರೈಕ್ (ಬೀಸಿ ತಪ್ಪಿದ್ದು ಅಥವಾ ಹೊಡೆಯದೆ ಬಿಟ್ಟ ಸರಿಯಾದ ಬಾಲ್) ಆದರೆ ಔಟ್.

ಉತ್ತರ: ಸುಮ್ನೆ ಕೆಟ್ಟ ವರ್ಷಗಳನ್ನೇ ಆರಿಸಿದ್ದೀರಿ ಅಲ್ವಾ? 2016ರಲ್ಲಿ ಅವರು ಸತತ 29 ಪಂದ್ಯಗಳಲ್ಲಿ ಹಿಟ್ ಮಾಡಿದ್ದರು, 26 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಬೇರೆ. 2018ರ ಅಮೆರಿಕನ್ ಲೀಗ್ ಫೈನಲ್‌ನಲ್ಲಿ ಹೂಸ್ಟನ್ ಎದುರು ಇಡೀ ಸರಣಿಗೆ ಬರೀ 3 ಹಿಟ್, ಆದರೆ ಆ ಮೂರರಿಂದಲೇ 9 ರನ್ ಬಂತು, ಒಂದಂತೂ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್ ಕೊಡುವ ಹೋಮ್ ರನ್. ಸರಣಿ ಶ್ರೇಷ್ಠ ಅವರೇ. ಬಂದರೆ ಜಡಿಮಳೆ, ಇಲ್ಲದಿದ್ದರೆ ಬರಗಾಲ.

ಉತ್ತರ: ಇದೇನೂ ಹೊಸದಲ್ಲ. ಬಾಲ್ಟಿಮೋರ್‌ನ ಮಾರ್ಕ್ ಬೆಲೇಂಜರ್ ಒಟ್ಟು ಸರಾಸರಿ .228, ಆದರೂ 8 ಗೋಲ್ಡ್ ಗ್ಲವ್ (ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ). ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡಿಂಗ್ ಜಾಗ) ಅಂಥವರು ಉಳಿಸುವ ರನ್ ಸ್ಕೋರ್‌ಬೋರ್ಡಿನಲ್ಲಿ ಕಾಣಲ್ಲ ಅಷ್ಟೇ.

ಪ್ರಶ್ನೆ ಕೇಳಿದವರು: 3 ಹಿಟ್, 9 ರನ್ನಾ? ಈಗಲೇ ಹುಡುಕಿ ನೋಡ್ತೀನಿ.